ಅರವತ್ತೊಂದು ದಿನ

ಜೂನ್ ಒಂದರಿಂದ ಬೈತಖೋಲದಲ್ಲಿ ಬಲೆ ಇಳಿಯುವುದಿಲ್ಲ.
ಟ್ರಾಲರುಗಳು ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಂತಿವೆ,
ಐಸ್ ಪ್ಲಾಂಟಿನ ಯಂತ್ರ ದಿನಕ್ಕೊಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.
ನಾನು ಅಲ್ಲಿಯ ತೂಕದ ಗುಮಾಸ್ತ.
ಅರವತ್ತೊಂದು ದಿನ ತೂಗಲಿಕ್ಕೆ ಏನೂ ಇಲ್ಲ,
ಓದುತ್ತೇನೆ.

ಓದಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದೇ ತೊಂದರೆ.
ಬಲೆ ಹೊಲಿಯುವವರ ನಡುವೆ ಹೋಗಿ ಕೂರುತ್ತೇನೆ,
"ಒಂದು ಕಾದಂಬರಿ ಓದಿದೆ ಮಾರಾಯಾ" ಅನ್ನುತ್ತೇನೆ.
ಉಮಾಕಾಂತ ತಾಂಡೇಲ ಹಲ್ಲಲ್ಲಿ ದಾರ ಕಚ್ಚಿಕೊಂಡೇ
"ಕಥೆ ಹೇಳಬೇಡ, ಪುಸ್ತಕ ಕೊಡು" ಅನ್ನುತ್ತಾನೆ.
ಕೊಟ್ಟದ್ದು ಮರಳುವಾಗ
ಅವನಿಂದ ಒಣಮೀನಿನ ವಾಸನೆ ಹೊತ್ತು ಬರುತ್ತದೆ,
ಕೋಡಿಬಾಗದ ಮುನೀರಾ ಟೇಲರಿಂದ
ಗುರುತಿಗಿಟ್ಟ ಹಳದಿ ಬಟ್ಟೆಯ ಚೂರಿನೊಡನೆ.
ಚೂರು ಮೂವತ್ತನೇ ಪುಟದಲ್ಲೇ ಇದ್ದರೆ
ನಾನು ಏನೂ ಕೇಳುವುದಿಲ್ಲ.

ಒಂದನ್ನು ಮಾತ್ರ ಹನ್ನೆರಡು ವರ್ಷ ಯಾರಿಗೂ ಕೊಟ್ಟಿರಲಿಲ್ಲ.
ರಟ್ಟು ಕಿತ್ತುಹೋಗಿ ಹೆಸರೇ ಇಲ್ಲದ್ದು.
ಅದರ ನೂರಾ ಹನ್ನೆರಡನೇ ಪುಟದಲ್ಲಿ
ಹೊಳೆಪಾಲಾದ ಮಗನನ್ನು ತಂದು ಅಂಗಳದಲ್ಲಿ ಮಲಗಿಸುತ್ತಾರೆ,
ತಾಯಿ ಪಕ್ಕದಲ್ಲಿ ಕೂತು
ಗಂಜಿಗೆ ಉಪ್ಪು ಸಾಕಾ ಎಂದು ಕೇಳುತ್ತಾಳೆ.
ಅಲ್ಲಿಗೆ ಬಂದಾಗೆಲ್ಲ ನಾನು ಎದ್ದು ಹೋಗಿ ಮುಖ ತೊಳೆಯುತ್ತೇನೆ.
ಇಷ್ಟದ ಪುಸ್ತಕ ಕೊಡುವುದೆಂದರೆ
ಅಂಗಿ ಬಿಚ್ಚಿ ಹುಣ್ಣು ತೋರಿಸಿದ ಹಾಗೆ.
ಡಾಕ್ಟರು ಬೇಕು, ನಗುವವರು ಬೇಡ.

ಡಾಕ್ಟರು ಸಿಗಲಿಲ್ಲ, ನರ್ಸು ಸಿಕ್ಕರು:
ಕಾಜುಬಾಗದ ಪಿಯೆದಾದ್ ಬಾಯಿ,
ಜಿಲ್ಲಾ ಆಸ್ಪತ್ರೆಯಲ್ಲಿ ಮೂವತ್ತಮೂರು ವರ್ಷ ರಾತ್ರಿ ಪಾಳಿ,
ಈಗ ಹಗಲಲ್ಲೂ ಓದುತ್ತಾರೆ.
ನಾಲ್ಕನೇ ದಿನ ತಂದು ಮೇಜಿನ ಮೇಲೆ ಇಟ್ಟರು.
"ಫಟಿಂಗ" ಎಂದರು ಬರೆದವನನ್ನು.
"ಮೂರು ದಿನ ನೀರಲ್ಲಿದ್ದವನ ಮುಖ
ನಿದ್ದೆ ಹೋದ ಹಾಗೆ ಇರುತ್ತದಾ?
ಮೀನು ಮೊದಲು ಕಣ್ಣಿಗೆ ಬರುತ್ತದೆ.
ನಾನು ತೊಳೆದಿದ್ದೇನೆ, ಎಷ್ಟೋ ಮಂದಿಯನ್ನು."
ಕೊಡೆ ಬಿಚ್ಚಿಕೊಂಡು ಹೊರಟೇ ಹೋದರು.

ಉರಿದುಹೋಯಿತು ನನಗೆ.
ಹೋಗುವ ಮುಂಚೆ ತಮ್ಮದೊಂದನ್ನು ಬಿಟ್ಟಿದ್ದರು ಬೇರೆ:
ಬೆನ್ನಿಗೆ ಆಸ್ಪತ್ರೆಯ ಬಿಳಿ ಪಟ್ಟಿ ಅಂಟಿಸಿದ ದಪ್ಪ ಕಾದಂಬರಿ,
ಮುಖಪುಟದಲ್ಲಿ ಗುಲಾಬಿ, ಗುಲಾಬಿಗೂ ಕಣ್ಣೀರು.
ಇಂಥದ್ದನ್ನೆಲ್ಲ ಓದುವವನಲ್ಲ ನಾನು
ಅಂದುಕೊಳ್ಳುತ್ತಲೇ ಓದಿದೆ.
ರಾತ್ರಿ ಎರಡಕ್ಕೆ, ಮೀನಿಲ್ಲದ ತಕ್ಕಡಿಯ ಮೇಲೆ ಕೂತು,
ಅಕ್ಕತಂಗಿಯರು ಇರುವ ಒಂದೇ ಒಳ್ಳೆ ಸೀರೆಯನ್ನು
ಸರದಿಯಲ್ಲಿ ಉಟ್ಟು ಮದುವೆಯೂಟಕ್ಕೆ ಹೋಗಿಬರುವಲ್ಲಿ
ಮೂಗು ಸೋರತೊಡಗಿತು.
ಮುಳ್ಳು ಐವತ್ತೊಂಬತ್ತರಲ್ಲಿ ನಡುಗುತ್ತಿತ್ತು,
ನಾನು, ಗುಲಾಬಿ, ಎಲ್ಲ ಸೇರಿ.

ಮರುದಿನ ನನ್ನದನ್ನು ತೆರೆದೆ, ಜಗಳಕ್ಕೆ ಸಾಕ್ಷಿ ಹುಡುಕಲು.
ನೂರಾ ಹನ್ನೆರಡರ ಅಂಚಿನಲ್ಲಿ
ಔಷಧಿ ಚೀಟಿಯ ಅಕ್ಷರದಲ್ಲಿ, ಪೆನ್ಸಿಲಿನಿಂದ:
ನಿದ್ದೆ ಅಲ್ಲ.
ಅದರ ಕೆಳಗೆ, ಸ್ವಲ್ಪ ಒತ್ತಿ:
ಈ ತಾಯಿ ಮಾತ್ರ ಹೌದು. ಇವಳು ನನ್ನ ವಾರ್ಡಿಗೆ ಬಂದಿದ್ದಳು.

ಮುಖ ತೊಳೆಯಲು ಏಳಲಿಲ್ಲ ಈ ಸಲ. ಕೂತೇ ಇದ್ದೆ.

ಆಗಸ್ಟ್ ಒಂದು. ಐಸು, ಡೀಸೆಲ್ಲು, ಕೂಗಾಟ.
ಉಮಾಕಾಂತ ದೋಣಿಯ ಅಂಚಿನಿಂದ ಕೈ ಚಾಚಿದ:
"ಹತ್ತು ದಿನಕ್ಕೆ ಒಂದು ಕೊಡು."
ಪುಸ್ತಕ ಹಿಡಿದವನು ಬಿಡದೆ, ತಗ್ಗಿದ ದನಿಯಲ್ಲಿ,
ಎಂದೂ ಕಥೆ ಕೇಳದವನು ಕೇಳಿದ,
"ಇದರಲ್ಲಿ ಯಾರೂ ಮುಳುಗುವುದಿಲ್ಲ ತಾನೇ?"
"ನೀರೇ ಇಲ್ಲ ಮಾರಾಯಾ" ಎಂದೆ.
"ಒಂದು ಬಾವಿ ಇದೆ. ಅದರ ಕಟ್ಟೆಯಲ್ಲಿ ಸೀರೆ ಒಗೆಯುತ್ತಾರೆ."
ಗುಲಾಬಿಯನ್ನು ಅಂಗಿಯೊಳಗೆ ಸೇರಿಸಿಕೊಂಡು
ಅವನು ಹಗ್ಗ ಬಿಚ್ಚಿದ.

ಇನ್ನೊಂದು ನನ್ನ ಮೇಜಿನ ಖಾನೆಯಲ್ಲಿದೆ.
ಕೇಳಿದವರಿಗೆ ಕೊಡುತ್ತೇನೆ ಈಗ,
ಪೆನ್ಸಿಲು ಅಳಿಸದೆ.