ಉಳಿದ ನಾಲ್ಕು ನಿಮಿಷ

ಕರೆಂಟು ಹೋದದ್ದು ಅವಳು ಚಿಲಕಕ್ಕೆ ಕೈಯಿಟ್ಟಾಗ.
ಗೋಣಿಕೊಪ್ಪಲಿನ ಸೊಸೈಟಿ ಕಟ್ಟಡ, ಮಹಡಿ ಮೇಲೆ,
ಕೆಳಗಿಂದ ಗೊಬ್ಬರದ ಮೂಟೆಗಳ ಘಾಟು.
ಗೋಡೆಗೆ ಬಿಗಿದ ಬಿಳಿ ಪಂಚೆಯಲ್ಲಿ
ಅಷ್ಟು ಹೊತ್ತು ಬದುಕಿದ್ದ ಹೆಂಗಸು
ಪಂಚೆಯಾದಳು.

ನಾವು ಹದಿನಾಲ್ಕು ಜನ. ಯಾರೂ ಏಳಲಿಲ್ಲ.
ಇದೇ ಕೊನೆಯೆಂದುಕೊಂಡೆವು.
ಇಂಥ ಚಿತ್ರಗಳು ಮುಗಿಯುವುದೇ ಹೀಗಲ್ಲವೆ,
ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು.

ಮೊಬೈಲಿನ ಬೆಳಕಲ್ಲಿ ಶಿವಲಿಂಗಯ್ಯ ಮೇಷ್ಟ್ರು ಮೊದಲು:
ಕಿತ್ತಳೆಯೆಂದರೆ ಪಾಪಪ್ರಜ್ಞೆ, ಸುಲಿದಷ್ಟೂ ಕೈಗೆ ವಾಸನೆ.
ಕನ್ನಡಿಗೆ ಬಟ್ಟೆ ಹೊದಿಸಿದ್ದು ತನ್ನಿಂದ ತಾನೇ ಅಡಗಲು.
ಎರಡನೇ ತಟ್ಟೆಯೂ ಅವಳದೇ.
ತಂಗಿಯೆಂಬವಳು ಹುಟ್ಟಿಯೇ ಇಲ್ಲ.

ಚೆಟ್ಟಳ್ಳಿಯ ತೋಟಗಾರಿಕೆ ಕೇಂದ್ರದಲ್ಲಿ ಮೂವತ್ತು ವರ್ಷ ಸವೆಸಿದ
ಬಿದ್ದಪ್ಪನವರು ಗಂಟಲು ಸರಿಮಾಡಿಕೊಂಡರು:
ಅದು ನಮ್ಮ ಕಿತ್ತಳೆಯೇ ಅಲ್ಲ ಮೇಷ್ಟ್ರೇ.
ನಮ್ಮದರ ಸಿಪ್ಪೆ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ, ಸಡಿಲ,
ಬೆರಳು ತಾಗಿದರೆ ಕಳಚುತ್ತದೆ.
ಇವಳು ಉಗುರು ಊರಿ ಊರಿ ಸುಲಿದಳು.
ಎಲ್ಲಿಯದೋ ಪೇಟೆಯದು.

ಮಡಿಕೇರಿ ಆಸ್ಪತ್ರೆಯ ನರ್ಸ್ ಪೊನ್ನವ್ವ ಅಂದಳು,
ಅಂಥವರು ಬಾಗಿಲು ನೋಡುವುದಿಲ್ಲ, ಚಿಲಕ ನೋಡುತ್ತಾರೆ.
ತೆಗೆಯಲಿಕ್ಕೋ, ಭದ್ರವಿದೆಯಾ ಎಂದೋ,
ಕೇಳಬೇಡಿ, ಅವರಿಗೂ ಗೊತ್ತಿರುವುದಿಲ್ಲ.

ಆಗ ಕೊನೆಯ ಬೆಂಚಿನಿಂದ ಬೊಳ್ಳಮ್ಮಕ್ಕ:
"ತೊಳೆ ಎಣಿಸಿದಿರಾ ಯಾರಾದರೂ?"
ಎಣಿಸಿರಲಿಲ್ಲ.
"ಮೊದಲ ರಾತ್ರಿ ಆ ತಟ್ಟೆಯಲ್ಲಿ ಹನ್ನೊಂದು. ಈಗ ಹತ್ತು.
ಇವಳು ತಿನ್ನಲಿಲ್ಲ, ಕ್ಯಾಮೆರಾ ಇವಳ ಮುಖ ಬಿಟ್ಟು ಕದಲಲೇ ಇಲ್ಲ.
ಬಂದಿದ್ದಾಳೆ ಅವಳು. ಬಂದು ಒಂದು ತೊಳೆ ತಿಂದಿದ್ದಾಳೆ."

ಹೇಳಿ ಕೊಡೆಯ ಹಿಡಿ ಬಿಗಿಹಿಡಿದು ಕುಳಿತರು.
ಅವರ ಗೇಟಿನ ದೀಪ ಏಳು ವರ್ಷದಿಂದ
ಹಗಲಿನಲ್ಲೂ ಉರಿಯುತ್ತದೆ. ಪೊನ್ನಂಪೇಟೆ ರಸ್ತೆಯವರಿಗೆಲ್ಲ ಗೊತ್ತು.
ಅದನ್ನು ಸಂಕೇತವೆಂದು ಯಾರೂ ಕರೆದಿಲ್ಲ.

ಮೂಲೆಯಲ್ಲಿ ವಯರು ಸುತ್ತುತ್ತಿದ್ದ ಮೊಯ್ದು ಹೇಳಿದ:
"ಮುಗಿದಿಲ್ಲ ಸಾರ್, ಇನ್ನೂ ನಾಲ್ಕು ನಿಮಿಷ ಉಂಟು.
ಲ್ಯಾಪ್‌ಟಾಪಲ್ಲಿ ಚಾರ್ಜಿದೆ, ಇಲ್ಲೇ ಬಗ್ಗಿ ನೋಡಬಹುದು."

ಮೇಷ್ಟ್ರು ಕನ್ನಡಕ ಒರೆಸಿದರು. ಪೊನ್ನವ್ವನಿಗೆ ಬಸ್ಸು ನೆನಪಾಯಿತು.
ತಿತಿಮತಿ ಕಡೆ ಆನೆ ರಸ್ತೆಗಿಳಿಯುವ ಹೊತ್ತು, ಎಂದರು ಬಿದ್ದಪ್ಪನವರು.
ಬೊಳ್ಳಮ್ಮಕ್ಕನ ಕಡೆ ನೋಡದೆ
ಎಲ್ಲರೂ ನೋಡಿದರು.
ಮಡಚು ಮಾರಾಯ, ಎಂದೆ ನಾನು.

ಆಮೇಲಿನದನ್ನು ಹೇಳಬಾರದು, ಹೇಳುತ್ತೇನೆ:
ಮಂಗಳವಾರ ಮೊಯ್ದುವಿನ ಅಂಗಡಿಯಲ್ಲಿ, ಶಟರು ಅರ್ಧ ಇಳಿಸಿ,
ಆ ನಾಲ್ಕು ನಿಮಿಷ ನೋಡಿದೆ. ಎರಡು ಸಲ.
ಹಿಂದೆ ಓಡಿಸಿ ತೊಳೆಗಳನ್ನೂ ಎಣಿಸಿದೆ.

ಸಂಜೆ ರಸ್ತೆಯಲ್ಲಿ ಬೊಳ್ಳಮ್ಮಕ್ಕ ಸಿಕ್ಕಿದರು.
"ನೋಡಿದೆಯಂತಲ್ಲ."
ಇಲ್ಲ, ಫೈಲು ಕೆಟ್ಟಿದೆ, ಎಂದೆ.
ಒಳ್ಳೆಯದಾಯಿತು ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ.
ಚೀಲದಿಂದ ಹೊಸ ಬಲ್ಬಿನ ಡಬ್ಬ ತೆಗೆದು
ಎಷ್ಟು ವ್ಯಾಟಿನದು ಓದಿ ಹೇಳು, ಕನ್ನಡಕ ಮನೆಯಲ್ಲಿದೆ, ಎಂದರು.

ಅಂದು ರಾತ್ರಿ ಕನ್ನಡಕ ಹಾಕಿದ್ದರೋ ಇಲ್ಲವೋ.
ಎಷ್ಟು ಯೋಚಿಸಿದರೂ
ಕೊಡೆ ಮಾತ್ರ ನೆನಪಾಗುತ್ತದೆ.

ಒಂಬತ್ತು, ಎಂದೆ.