ಗೋಡೆಯ ಪಟ

ಬಾಡಿ ಬಾಡೋದೇ ಕಣಯ್ಯಾ, ಹೆಸರಲ್ಲೇ ಐತೆ,
ದುಡ್ಡು ಹಾಕೋದಾದ್ರೆ ಗಾಜಿಗೆ ಹಾಕು
ಅನ್ನುತ್ತಾನೆ ಕಲೀಮ.
ಮದ್ದೂರಿನ ಛತ್ರಗಳಲ್ಲಿ ಇಪ್ಪತ್ತು ವರ್ಷ
ಧಾರೆಯ ಹಾಲು ಬೀಳುವ ಅರೆಗಳಿಗೆ ಹಿಡಿದು
ಮೂರು ಬಾಡಿ ಸವೆಸಿದವನು.

ನನ್ನದು ಇನ್ನೂ ಮೊದಲನೆಯದೇ.
ಶಟರ್ ಬಿದ್ದದ್ದು ಒಂದು ಲಕ್ಷ ಹನ್ನೊಂದು ಸಾವಿರ ಸಲ,
ಹಿಡಿಯ ರಬ್ಬರು ಎದ್ದು ಗೋಂದು ಹಾಕಿ ಕೂರಿಸಿದ್ದೇನೆ.
ಐಎಸ್‌ಒ ಮೂರು ಸಾವಿರ ದಾಟಿದರೆ
ಕತ್ತಲೆಗೆ ರಾಗಿ ಹಿಟ್ಟು ಎರಚಿದ ಹಾಗೆ.

ಮಂಡ್ಯದ ಶುಗರ್ ಫ್ಯಾಕ್ಟರಿ ಲ್ಯಾಬಿನಲ್ಲಿ
ನನ್ನ ಕೆಲಸವೂ ಗಾಜಿನದೇ:
ಪ್ರಿಸಮ್ಮಿನ ಮೇಲೆ ಕಬ್ಬಿನ ಹಾಲು ಒಂದು ಹನಿ,
ಮುಚ್ಚಿ, ಬೆಳಕಿಗೆ ಹಿಡಿದು,
ನೀಲಿ ಮುಗಿದು ಬಿಳಿ ಶುರುವಾಗುವ ಗೆರೆ ಓದುವುದು.
ಹದಿನೆಂಟು. ಹತ್ತೊಂಬತ್ತೂವರೆ.
ಅಳೆಯದೆ ಸಿಹಿ ಅನ್ನುವ ಬಾಯಿಯಲ್ಲ ನನ್ನದು,
ಲೆನ್ಸಿನ ವಿಷಯದಲ್ಲೂ.

ಹಾಗಾಗಿ ಆ ಭಾನುವಾರ
ಕ್ವಾರ್ಟರ್ಸಿನ ಹಿಂದಿನ ಇಟ್ಟಿಗೆ ಗೋಡೆ ಎದುರು,
ಟ್ರೈಪಾಡಿನ ಒಂದು ಕಾಲು ಹಳೇ ಒರಳಿನ ಗುಳಿಯಲ್ಲಿ.
ಪಾಂಡವಪುರದಲ್ಲಿ ಬಾಗಿಲು ಹಾಕಿದ ಸ್ಟುಡಿಯೋದಿಂದ ತಂದ
ಎಂಬತ್ತೈದು, ನನಗಿಂತ ಹಿರಿಯದು,
ಒಳಗಾಜಿನಲ್ಲಿ ಬೂಷ್ಟಿನ ಎಳೆ,
ಫೋಕಸ್ಸು ಜೇನಿನಲ್ಲಿ ಚಮಚ ತಿರುಗಿಸಿದ ಹಾಗೆ.
ಇನ್ನೊಂದೂ ಎಂಬತ್ತೈದೇ, ಮೈಸೂರಿನದು, ಹೊಚ್ಚ ಹೊಸದು,
ದಿನಕ್ಕೆ ಒಂಬೈನೂರು,
ಹಳೇ ಬಾಡಿಗೆ ಬಾಡಿಗೆ ಲೆನ್ಸು.
ಬೆಸ ಸಂಖ್ಯೆಗೆ ಹಳೆಯದು, ಸರಿ ಸಂಖ್ಯೆಗೆ ಹೊಸದು,
ಬದಲಿಸುವಾಗ ಕ್ಯಾಮೆರಾದ ಬಾಯಿ ನೆಲಕ್ಕೆ, ಧೂಳು ಕೂರಬಾರದಲ್ಲ.

ಹಸುವಿಗೆ ಬೂಸಾ ಕಲಸಲು ಬಂದ ದೇವೀರಮ್ಮ
ಸೊಂಟಕ್ಕೆ ಕೈಯಿಟ್ಟು ನೋಡಿದರು.
'ಗ್ವಾಡೆಗೇನಾದ್ರೂ ಗಂಡು ನೋಡ್ತಿದ್ದೀಯೇನಪ್ಪಾ?'
ಮೂಲೆಯ ಇಟ್ಟಿಗೆ ನಡುವಿನದರಷ್ಟೇ ಚೂಪಾಗಿದೆಯಾ
ಅಂತ ನೋಡುತ್ತಿದ್ದೇನೆ ಅಂದರೆ
ಅವರ ನಗೆಗೆ ಬೂಸಾ ಚೆಲ್ಲಿತು.
ಅಡ್ಡ ಬಂದರು, ಹೋದರು, ಮತ್ತೆ ಬಂದರು.

ಇಪ್ಪತ್ತಾರಕ್ಕೆ ನಾನೇ ನಿಲ್ಲಿಸಿಕೊಂಡೆ.
ಹೊಸದು. ಕ್ಲಿಕ್. ಪರದೆಯಲ್ಲಿ ಹಿಗ್ಗಿಸಿ ತೋರಿಸಿದೆ:
ಎಣಿಸಬಹುದಾದ ರೆಪ್ಪೆ, ತಾಳಿಯ ದಾರದಲ್ಲಿ ತುಕ್ಕು ಹಿಡಿದ ಪಿನ್ನು,
ಉಗುರಿನ ಅಂಚಿನ ಬೂಸಾ...
'ಅಯ್ಯೋ ನನ್ ಓಲೆ! ಒಂದ್ ಕಲ್ಲೇ ಇಲ್ವಲ್ಲಪ್ಪೋ!'

ಏಳು ಕಲ್ಲಿನ ಓಲೆಯಲ್ಲಿ ಆರು, ನಡುವೆ ಒಂದು ಗುಂಡಿ.
ಹಿಂದಕ್ಕೆ ಒತ್ತುತ್ತ ಹೋದೆ.
ಇಪ್ಪತ್ನಾಲ್ಕು, ಬರೀ ಗೋಡೆ.
ಇಪ್ಪತ್ತೆರಡು, ಅವರ ಬೆನ್ನು.
ಹದಿನೇಳು, ಹಳೆಯದು: ಅದೇ ಆಗ ಬಿಸಿಲು ತಾಗಿ
ಬೂಷ್ಟಿನೊಳಗೆ ಕಲ್ಲೆಲ್ಲ ಕರಗಿ ಕಿವಿಯಲ್ಲಿ ಒಂದೇ ದೀಪ.
ನನ್ನ ಬೆರಳು ನಿಂತಿತು.
'ಏನ್ ನೋಡ್ತಾ ಕೂತೆ, ತಿರುಗ್ಸಪ್ಪಾ.'
ಹದಿನಾಲ್ಕು, ಚೌಕಟ್ಟಿನ ತೀರಾ ಮೂಲೆಯಲ್ಲಿ ಅರ್ಧ ಕೆನ್ನೆ, ಕಿವಿ:
ಏಳು!
ಮೂಲೆಯಲ್ಲೂ ಚೂಪು. ಪರೀಕ್ಷೆ ಪಾಸು,
ಕೇಳುವವರಿಲ್ಲ.

ಏಳು ಇಪ್ಪತ್ತಕ್ಕೆ ಇತ್ತು, ಏಳು ಮೂವತ್ತೊಂದಕ್ಕೆ ಇಲ್ಲ,
ನಡುವೆ ಅವರು ತೊಟ್ಟಿಯಿಂದ ಗೋಡೆಗೆ, ಅಷ್ಟೇ.
ಇಬ್ಬರೂ ಮಂಡಿಯೂರಿದೆವು.
ಬಾಡಿಗೆಯದನ್ನು ಮಣ್ಣಿಗೆ ತರಲು ಧೈರ್ಯವಾಗದೆ
ಹಳೆಯದನ್ನು ತಲೆಕೆಳಗು ಹಿಡಿದೆ, ಭೂತಗನ್ನಡಿ.
ಹುಲ್ಲಿನ ಎಸಳು ಬಿದಿರಾಯಿತು, ಇರುವೆ ಎಮ್ಮೆಯಾಯಿತು,
ಕೊನೆಗೆ ಗೊರಸಿನ ಗುರುತಿನಲ್ಲಿ ಸಾಸಿವೆಗಿಂತ ತುಸು ದಪ್ಪ, ಕೆಂಪು.
ನಾನಲ್ಲ, ಅವರೇ ನೋಡಿದ್ದು, ಬರಿಗಣ್ಣಲ್ಲಿ.
ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟರು,
ಪಟ ಕೇಳಲೂ ಇಲ್ಲ.

ರಾತ್ರಿ ಕಲೀಮನ ಫೋನು: ಯಾವುದು ಗೆಲ್ತು?
ಹೊಸದೇ, ಅಂದೆ. ಸುಳ್ಳಲ್ಲ.
ಸಾಲ ಮಾಡಿಯಾದರೂ ಕೊಳ್ಳುತ್ತೇನೆ, ಅದೂ ಸುಳ್ಳಲ್ಲ.
ಗೋಡೆಗಳನ್ನೆಲ್ಲ ಅಳಿಸಿದೆ.
ಹದಿನೇಳು ಇದೆ.
ಹದಿನಾಲ್ಕಕ್ಕೂ ಇಪ್ಪತ್ತಾರಕ್ಕೂ ನಡುವೆ
ಆ ಕಿವಿಯಲ್ಲಿ ಏಳಿದ್ದವೋ ಆರೋ,
ಎಷ್ಟು ಹಿಗ್ಗಿಸಿದರೂ ಹೇಳುವುದಿಲ್ಲ.