ಇನ್ನರ್ಧ ಅಂಗುಲ

ಕ್ವೆಬೆಕ್‌ನ ಬೋಸ್ ಸೀಮೆ. ಮಾರ್ಚಿನ ಮೂರನೇ ವಾರ.
ಮೊಣಕಾಲುದ್ದ ಹಿಮ. ಬೆಳಗಿನ ಏಳಕ್ಕೆ
ಪಂಪಿನ ಮನೆಯ ಮುಳ್ಳು ನೋಡಿದೆ:
ಇಪ್ಪತ್ತೇಳಿರಬೇಕಾದ್ದು ಇಪ್ಪತ್ತೆರಡು.
ಪಾದರಸದ ಲೆಕ್ಕದಲ್ಲಿ ಐದಂಗುಲ
ಕಾಡಿನಲ್ಲೆಲ್ಲೋ ಸೋರುತ್ತಿದೆ.

ಸೋರುವುದೆಂದರೆ ಹೊರಕ್ಕಲ್ಲ, ಸಿಪ್ರಿಯಾನೊ.
ಮಡಕೆ ಸೋರಿದರೆ ನೆಲ ಒದ್ದೆ, ಕಣ್ಣಿಗೆ ಬೀಳುತ್ತದೆ.
ನಮ್ಮದು ಒಳಮುಖ. ಹೊರಗಿನ ಗಾಳಿ
ಕಳ್ಳನ ಹಾಗೆ ಕೊಳವೆಗೆ ನುಗ್ಗುತ್ತದೆ,
ಕುರುಹಿಲ್ಲ, ಬರೀ ಒಂದು ಸ್ಸ್‌ಸ್,
ಬಿಸಿ ಮುಟ್ಟಿದವರು ಹಲ್ಲಿನ ಸಂದಿಯಲ್ಲಿ
ಉಸಿರೆಳೆದಷ್ಟು.

ಆರು ಸಾವಿರ ಮೇಪಲ್. ಮರಕ್ಕೊಂದು ತೂತು,
ತೂತಿಗೊಂದು ನಳಿಕೆ, ಅಲ್ಲಿಂದ ನೀಲಿ ಕೊಳವೆ
ಬಟ್ಟೆ ಒಣಹಾಕುವ ಹಗ್ಗದಂತೆ ಮರದಿಂದ ಮರಕ್ಕೆ,
ಇಳಿಜಾರಿಗುಂಟ ಪಂಪಿನವರೆಗೆ.
ಪಂಪು ರಸ ಎಳೆಯುತ್ತದೆ ಅನ್ನುತ್ತಾರೆ. ಸುಳ್ಳು.
ಪಂಪು ಜಾಗ ಖಾಲಿ ಮಾಡುತ್ತದೆ, ಅಷ್ಟೇ.
ತಳ್ಳುವುದು ಮೇಲಿನ ಆಕಾಶ, ತನ್ನದೇ ಭಾರಕ್ಕೆ.
ಹಾಗಂತ ಹೇಳಿದ್ದು ಪಂಪು ಮಾರಿದ ಒನೆಜಿಮ್,
ಜೀವಮಾನದಲ್ಲಿ ಅವನಾಡಿದ ಒಂದೇ ನಿಜ.

ಅಜ್ಜಿಯ ಕಾಲಕ್ಕೆ ತಗಡಿನ ಬಕೆಟ್ಟು, ಜಾರುಬಂಡಿ, ಕುದುರೆ.
ಕುದುರೆಗೆ ಒಂದೊಂದು ಮರವೂ ಗೊತ್ತು, ತಾನೇ ನಿಲ್ಲುತ್ತಿತ್ತು.
ಪಂಪಿಗೆ ಯಾವ ಮರವೂ ಗೊತ್ತಿಲ್ಲ.
ಆದರೂ ರಸ ಎರಡುಪಟ್ಟು.
ನಾನು ತಕರಾರು ಮಾಡುವವಳಲ್ಲ.

ಹುಡುಗ ಗ್ವಾಟೆಮಾಲಾದವ, ಇಪ್ಪತ್ತಮೂರು,
ಹಿಮದ ಮೆಟ್ಟಿನಲ್ಲಿ ಬಾತುಕೋಳಿ ನಡಿಗೆ.
ಗುಳ್ಳೆ ನೋಡು, ಎನ್ನುತ್ತೇನೆ:
ತೆವಳಿದರೆ ಕ್ಷೇಮ, ಓಡಿದರೆ
ಮೇಲೆಲ್ಲೋ ಕೊಳವೆ ಬಾಯಿ ಬಿಟ್ಟಿದೆ.
ಅವನು ನಿಲ್ಲುತ್ತಾನೆ. "ಅಲ್ಲಿ. ಕೇಳಿಸಿತಾ, ಮದಾಮ್ ಗಿಲೇನ್?"
ಹೂಂ ಎನ್ನುತ್ತೇನೆ.

ಕೇಳಿಸುವುದಿಲ್ಲ. ಹೋದ ವರ್ಷದಿಂದ
ಸಣ್ಣ ಸದ್ದುಗಳು, ಸೊಳ್ಳೆ, ಕೆಟಲಿನ ಸಿಳ್ಳೆ,
ಒಂದೊಂದೇ ಹೇಳದೆ ಕೇಳದೆ ಎದ್ದು ಹೋದವು.
ಯಾರಿಗೂ ಬಾಯಿ ಬಿಟ್ಟಿಲ್ಲ.
ಸಂದು ಸಂದಿಗೂ ಬಗ್ಗಿ ಕೆಳದುಟಿ ಒಡ್ಡುತ್ತೇನೆ,
ತುಟಿಯ ತೇವ ತಣ್ಣಗೆ ಅತ್ತ ವಾಲಿದರೆ
ಅಲ್ಲೇ: ಅಳಿಲಿನ ಎರಡು ಹಲ್ಲು,
ಅಕ್ಕಿಕಾಳಷ್ಟು ಗಾಯ.
ಕತ್ತರಿಸು. ಜೋಡಿಸು. ಇಕ್ಕಳದಲ್ಲಿ ಅದುಮು.

ನಡುಹಗಲು ಬಿದ್ದ ಮರದ ಮೇಲೆ ಕೂತು ಫ್ಲಾಸ್ಕು ಬಿಚ್ಚಿದೆವು.
ಇದರಲ್ಲೂ ಅದೇ, ಎಂದೆ ತಟ್ಟಿ, ಎರಡು ಗೋಡೆ,
ನಡುವೆ ಏನೂ ಇಲ್ಲ. ಆ ಏನೂ ಇಲ್ಲದ್ದೇ
ಕಾಫಿಯನ್ನು ಬೆಳಗಿನಿಂದ ಕಾದಿದೆ.
ಅವನಿಗೆ ತನ್ನೂರ ಕಾಫಿ ನೆನಪಾಯಿತು:
ಗಾಳಿ ಹೀರಿದ ಚೀಲಗಳಲ್ಲಿ
ಇಟ್ಟಿಗೆಯಷ್ಟು ಗಟ್ಟಿಯಾಗಿ ಹಡಗು ಹತ್ತುತ್ತದಂತೆ.
"ನೀವು ಮೂಲೆ ಕತ್ತರಿಸಿದಾಗ ಉಸ್ಸೆನ್ನುತ್ತದಲ್ಲ,
ಒಳಗೆ ಹೋಗುವುದು ನಿಮ್ಮ ಗಾಳಿ.
ನಮ್ಮದನ್ನು ಅಲ್ಲೇ ತೆಗೆದಿರುತ್ತಾರೆ."
ನಕ್ಕ. ನಾನು ಲೋಟ ತುಂಬಿಸಿ ಕೊಟ್ಟೆ.

ಸಂಜೆ, ಕುದಿಸುವ ಮನೆಯ ಸೂರಿನಿಂದ ಆವಿ,
ನಲವತ್ತು ಲೀಟರು ಇಂಗಿ ಒಂದಾಗುವ ವಾಸನೆ.
ಮುಳ್ಳು ಇಪ್ಪತ್ತಾರೂವರೆಗೆ ಬಂದು ಕೂತಿದೆ.
"ಇನ್ನರ್ಧ?"
ಎಲ್ಲೋ ಇದೆ. ನಾಳೆ ನೀನು ಮುಂದೆ ನಡಿ, ಎಂದೆ.
"ಮೂರು ದಿನವಾಯಿತು, ನಾನೇ ಮುಂದಿದ್ದೇನೆ"
ಎಂದ, ಬೇಕಂತಲೇ
ಜೋರಾಗಿ.